ಆಲ್ಫಾಫೋಲ್ಡ್ ಮತ್ತು ಪ್ರೋಟೀನ್ ಡೇಟಾ ಬ್ಯಾಂಕ್: ಸಕ್ಕರೆ ಕಾಯಿಲೆ ಮತ್ತು ಪಾರ್ಕಿನ್ಸನ್ ಪ್ರೋಟೀನುಗಳನ್ನು ಅರಿಯಲು ಬಯಸುವವರಿಗೆ ಒಂದು ವಿಮರ್ಶೆ

ಪ್ರೋಟೀನುಗಳ ಮೂರು ಆಯಾಮದ ರಚನೆಯನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದಾದ ಎರಡು ದೊಡ್ಡ ಸೇವೆಗಳು ಇಂದು ನಮ್ಮ ಕೈಗೆಟಕುವಂತಿವೆ. ಮೊದಲನೆಯದು ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕೇವಲ ಏಳು ರಚನೆಗಳೊಂದಿಗೆ ಆರಂಭವಾದ ಈ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿದ್ದು, ಅವೆಲ್ಲವೂ ಪ್ರಯೋಗಾಲಯದಲ್ಲಿ ಎಕ್ಸ್-ಕಿರಣ, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳನ್ನು ಪರೀಕ್ಷಿಸುವ ವಿಧಾನ) ಅಥವಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡುಕೊಂಡವು. ಎರಡನೆಯದು ಆಲ್ಫಾಫೋಲ್ಡ್ ದತ್ತಾಂಶ ಸಂಗ್ರಹ. ಗೂಗಲ್ ಬಳಗದ ಡೀಪ್‌ಮೈಂಡ್ ಸಂಸ್ಥೆಯೂ ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯೂ ಸೇರಿ 2021ರ ಜುಲೈಯಲ್ಲಿ ತೆರೆದ ಈ ಸಂಗ್ರಹ ಮರುವರ್ಷವೇ 20 ಕೋಟಿ ಪ್ರೋಟೀನುಗಳನ್ನು ದಾಟಿತು. ಇಲ್ಲಿರುವುದು ಪ್ರಯೋಗದ ಫಲವಲ್ಲ, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಸರಣಿಯನ್ನು ಆಧರಿಸಿ ಕಂಪ್ಯೂಟರ್ ಮಾಡಿದ ಊಹೆ. ಆ ಊಹೆಯ ಗುಣಮಟ್ಟ ಎಷ್ಟು ಉನ್ನತವಾದುದೆಂದರೆ, ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು; ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ದೊರೆಯಿತು.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನಾನು, ಊರಿನ ಗ್ರಂಥಾಲಯದಲ್ಲಿ ಪ್ಲಸ್ ಒನ್ ಮತ್ತು ಪ್ಲಸ್ ಟು ವಿದ್ಯಾರ್ಥಿಗಳೊಂದಿಗೆ ಈ ಎರಡೂ ಸೇವೆಗಳನ್ನು ಬಳಸುತ್ತ ಬಂದಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಈ ಮಕ್ಕಳ ಮನೆಗಳಲ್ಲಿ ಸಕ್ಕರೆ ಕಾಯಿಲೆ ಹೊಸ ಸುದ್ದಿಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಕೇರಳದಲ್ಲಿ ಅದರ ಪ್ರಮಾಣ ಶೇಕಡಾ 25.5. ಅಜ್ಜನಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯೂ ಬಂದಿತು, ಎರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ವಿದ್ಯಾರ್ಥಿಯೊಬ್ಬಳು ಕೇಳಿದ ಪ್ರಶ್ನೆ ಈ ವಿಮರ್ಶೆಗೆ ಅಳತೆಗೋಲಾಗಿದೆ. ಒಂದು ಸೇವೆ ಎಷ್ಟು ಭವ್ಯವಾಗಿದೆ ಎಂದು ಹೊಗಳುವುದಕ್ಕಿಂತ, ಇಂಥ ಒಂದು ನಿಜವಾದ ಪ್ರಶ್ನೆಯನ್ನು ಹಿಡಿದು ಹೋದವರಿಗೆ ಅದು ಎಲ್ಲಿಯವರೆಗೆ ದಾರಿ ತೋರಿಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತವೆಂದು ನನ್ನ ನಂಬಿಕೆ.

ಆ ಪ್ರಶ್ನೆಗೆ ಅತ್ಯಂತ ಹತ್ತಿರದ ಸಂಶೋಧನೆಯೊಂದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಆಗ ಅಲ್ಲಿದ್ದ ಜೈವಿಕ ಭೌತವಿಜ್ಞಾನಿ ಪರ್ನಿಲ್ಲಾ ವಿಟ್ಟುಂಗ್-ಸ್ಟಾಫ್‌ಶೇಡೆ ಮತ್ತು ಅವರ ಸಹೋದ್ಯೋಗಿ ಇಸ್ತ್ವಾನ್ ಹೋರ್ವಾತ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಪಾತ್ರಧಾರಿಗಳಿದ್ದಾರೆ. ಮೊದಲನೆಯದು ಆಲ್ಫಾ ಸಿನ್ಯೂಕ್ಲಿನ್. ನರಕೋಶಗಳ ತುದಿಗಳಲ್ಲಿ ಹೇರಳವಾಗಿರುವ, 140 ಅಮೈನೋ ಆಮ್ಲಗಳ ಈ ಪ್ರೋಟೀನೇ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಕಾಣುವ ಲೂಯಿ ಕಣಗಳೆಂಬ ಗಂಟುಗಳ ಮುಖ್ಯ ವಸ್ತುವೆಂದು 1997ರಲ್ಲಿ ತಿಳಿದುಬಂದಿತು. ಎರಡನೆಯದು ಅಮೈಲಿನ್, ಮೇದೋಜೀರಕದ ಬೀಟಾ ಕೋಶಗಳು ಇನ್ಸುಲಿನ್ ಜೊತೆಯಲ್ಲೇ ಸ್ರವಿಸುವ, 37 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. ಮೂರನೆಯದು ಈ ಅಮೈಲಿನ್ ಪೂರ್ತಿ ಕತ್ತರಿಸಲ್ಪಡುವ ಮೊದಲಿನ, 67 ಅಮೈನೋ ಆಮ್ಲಗಳ ರೂಪವಾದ ಪ್ರೊ-ಅಮೈಲಿನ್. ಈ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಅಮೈಲಾಯ್ಡ್ ಎಂಬ ಎಳೆಗಳಾಗುವುದೇ ಎರಡೂ ರೋಗಗಳಲ್ಲಿ ಕಾಣುವ ಸಾಮಾನ್ಯ ಅಂಶ.

ಪ್ರಯೋಗಾಲಯದ ನಳಿಕೆಯಲ್ಲಿ ಅವರು ಕಂಡದ್ದು ಇಷ್ಟು: ಅಮೈಲಿನ್ ನಿಮಿಷಗಳಲ್ಲೇ ಎಳೆಗಟ್ಟುತ್ತದೆ, ಆಲ್ಫಾ ಸಿನ್ಯೂಕ್ಲಿನ್‌ಗೆ ಅದೇ ಸ್ಥಿತಿಯಲ್ಲಿ ಹಲವು ಗಂಟೆಗಳು ಬೇಕು, ಪ್ರೊ-ಅಮೈಲಿನ್ ಅದಕ್ಕಿಂತಲೂ ನಿಧಾನ. ಮೊದಲೇ ಸಿದ್ಧವಾದ ಅಮೈಲಿನ್ ಎಳೆಗಳನ್ನು ಸೇರಿಸಿದರೆ ಆಲ್ಫಾ ಸಿನ್ಯೂಕ್ಲಿನ್ ಬೇಗ ಎಳೆಗಟ್ಟುತ್ತದೆ. ಪ್ರೊ-ಅಮೈಲಿನ್ ಎಳೆಗಳನ್ನು ಸೇರಿಸಿದರೆ ಅದಕ್ಕೆ ತದ್ವಿರುದ್ಧವಾಗಿ ತಡೆಯಾಗುತ್ತದೆ. ಎಳೆಗಟ್ಟದ ಅಮೈಲಿನ್ ಮತ್ತು ಆಲ್ಫಾ ಸಿನ್ಯೂಕ್ಲಿನ್‌ಗಳನ್ನು ಬೆರೆಸಿದಾಗ ಎರಡೂ ಕೂಡಿಯೇ ಗಟ್ಟಿಯಾಗುತ್ತವೆ, ಅದೂ ಒಂಟಿಯಾಗಿದ್ದಾಗಿನ ವೇಗಕ್ಕಿಂತ ಹೆಚ್ಚು ವೇಗವಾಗಿ. ಸಕ್ಕರೆ ಕಾಯಿಲೆಯವರಿಗೆ ಪಾರ್ಕಿನ್ಸನ್ ಅಪಾಯ ಹೆಚ್ಚಿರುವುದಕ್ಕೆ ಇದೊಂದು ಕಾರಣವಿರಬಹುದೆಂದು ಲೇಖಕರು ಸೂಚಿಸುತ್ತಾರೆ. ಇದು ನಳಿಕೆಯಲ್ಲಿ ಕಂಡ ಸಂಗತಿ, ಅಜ್ಜನ ದೇಹದಲ್ಲಿ ಹೀಗೇ ನಡೆಯಿತೆಂದು ಹೇಳುವ ಸಾಕ್ಷ್ಯವಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಸ್ಪಷ್ಟಪಡಿಸಬೇಕು. ಆದರೂ ಕತ್ತರಿಸುವ ಮುನ್ನ ಒಂದು ಬಗೆ, ಕತ್ತರಿಸಿದ ಮೇಲೆ ಇನ್ನೊಂದು ಬಗೆ ಎಂಬ ಈ ವ್ಯತ್ಯಾಸ ನನಗೆ ಇಡೀ ಅಧ್ಯಯನದ ಅತ್ಯಂತ ಬೆಲೆಯುಳ್ಳ ಭಾಗವಾಗಿ ಕಾಣುತ್ತದೆ. ಮುಂದೆ ಆಲ್ಫಾಫೋಲ್ಡ್ ಬಗ್ಗೆ ಹೇಳಲಿರುವ ನನ್ನ ಮುಖ್ಯ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ.

ಆಲ್ಫಾಫೋಲ್ಡ್‌ನಲ್ಲಿ ಮನುಷ್ಯನ ಅಮೈಲಿನ್ ಬೇಕಾದರೆ ಪಿ 10997 ಎಂಬ ಗುರುತು ಸಂಖ್ಯೆಯನ್ನೋ ಐಎಪಿಪಿ ಎಂಬ ಜೀನಿನ ಹೆಸರನ್ನೋ ಕೊಟ್ಟರೆ ಸಾಕು. ತೆರೆದುಕೊಳ್ಳುವ ಚಿತ್ರವನ್ನು ಬೆರಳಿನಿಂದ ತಿರುಗಿಸಬಹುದು, ಹಿಗ್ಗಿಸಬಹುದು, ಯಾವ ಅಮೈನೋ ಆಮ್ಲ ಎಲ್ಲಿದೆ ಎಂದು ಮುಟ್ಟಿ ನೋಡಬಹುದು. ಪ್ರತಿಯೊಂದು ಭಾಗದ ಮೇಲೂ ಕಂಪ್ಯೂಟರಿಗೆ ತನ್ನ ಊಹೆಯಲ್ಲಿ ಎಷ್ಟು ವಿಶ್ವಾಸವಿದೆ ಎಂಬುದನ್ನು ಬಣ್ಣದಲ್ಲಿ ತೋರಿಸಿರುವುದು ಈ ಸೇವೆಯ ಅತ್ಯುತ್ತಮ ಗುಣ: 90ಕ್ಕಿಂತ ಹೆಚ್ಚಿನ ಅಂಕಕ್ಕೆ ಗಾಢ ನೀಲಿ, 70ರಿಂದ 90ರವರೆಗೆ ತಿಳಿನೀಲಿ, 50ರಿಂದ 70ರವರೆಗೆ ಹಳದಿ, ಅದಕ್ಕಿಂತ ಕಡಿಮೆಯಿದ್ದರೆ ಕಿತ್ತಳೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆಯನ್ನು ಮಕ್ಕಳಿಗೆ ತೋರಿಸುವುದೇ ಒಂದು ಪಾಠ.

ಆದರೆ ಅಲ್ಲಿ ಕಾಣುವುದು 37 ಅಮೈನೋ ಆಮ್ಲಗಳ ಅಮೈಲಿನ್ ಅಲ್ಲ; ಜೀನು ಬರೆದಂತೆಯೇ ಇರುವ 89 ಅಮೈನೋ ಆಮ್ಲಗಳ ಇಡೀ ಸರಪಣಿ. ಮೊದಲ 22 ಅಮೈನೋ ಆಮ್ಲಗಳು ಕೋಶದೊಳಗೆ ದಾರಿ ತೋರಿಸಿ ಉದುರಿಹೋಗುವ ಭಾಗ. ಉಳಿಯುವ 67ರಲ್ಲಿ ಎರಡೂ ಬದಿಗಳನ್ನು ಕತ್ತರಿಸಿದ ಮೇಲೆ 34ರಿಂದ 70ರವರೆಗಿನ ತುಂಡು ಮಾತ್ರ ನಿಜವಾದ ಹಾರ್ಮೋನಾಗುತ್ತದೆ, ಅದರ ಕೊನೆಯ ತುದಿಗೆ ಒಂದು ಅಮೈಡ್ ಗುಂಪೂ ಸೇರಿಕೊಳ್ಳುತ್ತದೆ. ವಿಟ್ಟುಂಗ್-ಸ್ಟಾಫ್‌ಶೇಡೆ ಅವರ ಅಧ್ಯಯನದಲ್ಲಿ ಎದುರುಬದುರಾಗಿ ವರ್ತಿಸಿದ ಎರಡು ರೂಪಗಳು, ಅಂದರೆ 37ರ ಅಮೈಲಿನ್ ಮತ್ತು 67ರ ಪ್ರೊ-ಅಮೈಲಿನ್, ಈ ಒಂದೇ ಚಿತ್ರದೊಳಗೆ ಗುರುತಿಲ್ಲದೆ ಕರಗಿಹೋಗಿವೆ. ಹೊಸದಾಗಿ ನೋಡುವ ವಿದ್ಯಾರ್ಥಿಯು ಇದನ್ನೇ ಹಾರ್ಮೋನೆಂದು ತಿಳಿದು ಚಿತ್ರ ಬರೆದುಕೊಂಡು ಹೋದರೆ ತಪ್ಪು ಅವನದಲ್ಲ. ಕತ್ತರಿಸುವ ಜಾಗಗಳ ವಿವರ ಯೂನಿಪ್ರಾಟ್ ಎಂಬ ಮತ್ತೊಂದು ಉಚಿತ ಸಂಗ್ರಹದಲ್ಲಿದೆ; ಆಲ್ಫಾಫೋಲ್ಡ್ ಪುಟದಿಂದ ಅಲ್ಲಿಗೆ ಕೊಂಡಿಯೂ ಇದೆ. ಆದ್ದರಿಂದ ಯೂನಿಪ್ರಾಟ್ ಅನ್ನು ಮೊದಲು ತೆರೆದು, ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಚಿತ್ರವನ್ನು ನೋಡುವ ಕ್ರಮವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ.

ಇದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಇಲಿಯ ಅಮೈಲಿನ್ ಮನುಷ್ಯನದಕ್ಕಿಂತ ಆರೇ ಆರು ಅಮೈನೋ ಆಮ್ಲಗಳಲ್ಲಿ ಭಿನ್ನ. ಆ ಆರರಲ್ಲಿ ಮೂರು, 25, 28 ಮತ್ತು 29ನೆಯ ಸ್ಥಾನಗಳಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಬಂದಿರುವುದರಿಂದ, ಇಲಿಯ ಅಮೈಲಿನ್ ಎಳೆಗಟ್ಟುವುದಿಲ್ಲ. ಬೆಕ್ಕಿನದು ಮನುಷ್ಯನದರಂತೆಯೇ ಎಳೆಗಟ್ಟುತ್ತದೆ, ಬೆಕ್ಕುಗಳಿಗೆ ಮನುಷ್ಯರಂತೆಯೇ ಸಕ್ಕರೆ ಕಾಯಿಲೆಯೂ ಬರುತ್ತದೆ. ಈ ಜ್ಞಾನವನ್ನು ಬಳಸಿ, ಅವೇ ಮೂರು ಜಾಗಗಳಲ್ಲಿ ಪ್ರೋಲೀನ್ ಇಟ್ಟು ತಯಾರಿಸಿದ ಪ್ರಾಮ್‌ಲಿಂಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧಕ್ಕೆ ಅಮೆರಿಕದಲ್ಲಿ 2005ರಲ್ಲಿ ಅನುಮತಿ ದೊರೆಯಿತು. ರೋಗದ ದೃಷ್ಟಿಯಿಂದ ಇಷ್ಟು ನಿರ್ಣಾಯಕವಾದ ಬದಲಾವಣೆಯ ಪರಿಣಾಮವನ್ನು ಆಲ್ಫಾಫೋಲ್ಡ್ ಚಿತ್ರದಲ್ಲಿ ಹುಡುಕಬಾರದು. ಒಂದೆರಡು ಅಮೈನೋ ಆಮ್ಲಗಳ ಬದಲಾವಣೆಯ ಪರಿಣಾಮವನ್ನು ಊಹಿಸಲು ತಮ್ಮ ವಿಧಾನ ಪರೀಕ್ಷಿತವಾಗಿಲ್ಲವೆಂದು ಅದನ್ನು ನಡೆಸುವವರೇ ತಿಳಿಸಿದ್ದಾರೆ. ಒಂಟಿ ಸರಪಣಿಯ ಚಿತ್ರ ಅದು. ರೋಗವಾದರೋ ಅನೇಕ ಸರಪಣಿಗಳು ಕೂಡಿದಾಗ ಹುಟ್ಟುವಂಥದ್ದು.

ಆಲ್ಫಾ ಸಿನ್ಯೂಕ್ಲಿನ್ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಪಿ 37840 ಎಂದು ಹುಡುಕಿದರೆ ಉದ್ದನೆಯ, ಅಂದವಾದ ಸುರುಳಿಯೊಂದು ನೀಲಿ ಬಣ್ಣದಲ್ಲಿ ಮೂಡುತ್ತದೆ, ಬಾಲದ ಭಾಗ ಮಾತ್ರ ಸಡಿಲವಾಗಿ ತೂಗಾಡುತ್ತದೆ. ನೀಲಿಯೆಂದರೆ ವಿಶ್ವಾಸಾರ್ಹವೆಂದು ಆಗತಾನೇ ಕಲಿತ ಮಗುವಿಗೆ, ಇದೇ ಈ ಪ್ರೋಟೀನಿನ ಸ್ವಂತ ರೂಪವೆಂದು ಅನ್ನಿಸುವುದು ಸಹಜ. ನೀರಿನಂಥ ದ್ರಾವಣದಲ್ಲಿ ಒಂಟಿಯಾಗಿದ್ದಾಗ ಆಲ್ಫಾ ಸಿನ್ಯೂಕ್ಲಿನ್‌ಗೆ ಗೊತ್ತಾದ ಆಕಾರವೇ ಇಲ್ಲ. ಕ್ಷಣಕ್ಷಣಕ್ಕೂ ಬದಲಾಗುತ್ತಲೇ ಇರುತ್ತದೆ. ಕೊಬ್ಬಿನ ಪೊರೆಯ ಮೇಲೆ ಕುಳಿತಾಗ ಮಾತ್ರ ಅದು ಸುರುಳಿಯಾಗುತ್ತದೆ. ಸೋಪಿನಂಥ ಅಣುಗಳ ಪುಟ್ಟ ಗೋಳಕ್ಕೆ ಅಂಟಿಕೊಂಡಾಗ ಅದರ ರಚನೆಯನ್ನು ಎನ್‌ಎಂಆರ್ ವಿಧಾನದಿಂದ 2005ರಲ್ಲಿ ಕಂಡುಕೊಂಡದ್ದು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1 ಎಕ್ಸ್ ಕ್ಯೂ 8 ಎಂಬ ಸಂಕೇತದಲ್ಲಿದ್ದು, ಅಲ್ಲಿ ಒಂದೇ ಉದ್ದ ಸುರುಳಿಯ ಬದಲು ಎದುರುಬದುರಾಗಿ ಬಾಗಿದ ಎರಡು ಸುರುಳಿಗಳಿವೆ. ಆಲ್ಫಾಫೋಲ್ಡ್‌ನ ನೀಲಿ ಬಣ್ಣ ಈ ಪ್ರೋಟೀನಿನ ಹಲವು ಅವಸ್ಥೆಗಳಲ್ಲಿ ಒಂದಕ್ಕೆ ಹತ್ತಿರವಾದುದನ್ನು ತೋರಿಸುತ್ತದೆಯೇ ಹೊರತು, ರೋಗದಲ್ಲಿ ಅದು ತಾಳುವ ರೂಪವನ್ನಲ್ಲ. ವಿಶ್ವಾಸದ ಅಂಕಕ್ಕೂ ಜೀವಂತ ಕೋಶದಲ್ಲಿನ ಸತ್ಯಕ್ಕೂ ಇರುವ ಈ ಅಂತರವನ್ನು ಆ ಪುಟದಲ್ಲೇ ಎರಡು ವಾಕ್ಯಗಳಲ್ಲಿ ಹೇಳಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ರೋಗದ ರೂಪವನ್ನು ನೋಡಬೇಕಾದರೆ ಪ್ರೋಟೀನ್ ಡೇಟಾ ಬ್ಯಾಂಕಿಗೇ ಹೋಗಬೇಕು, ಈ ವಿಮರ್ಶೆಯಲ್ಲಿ ನನ್ನ ಪೂರ್ಣ ಮೆಚ್ಚುಗೆ ಸಲ್ಲುವುದೂ ಅದಕ್ಕೇ. ಶೈತ್ಯೀಕರಿಸಿದ ಮಾದರಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಯೋ-ಇಎಂ ವಿಧಾನದಿಂದ, ಕೇಂಬ್ರಿಜ್‌ನ ಎಂಆರ್‌ಸಿ ಪ್ರಯೋಗಾಲಯದ ಸ್ಯೋರ್ಸ್ ಶೆರೆಸ್ ಮತ್ತು ಮಿಶೆಲ್ ಗೊಯ್‌ಡರ್ಟ್ ಅವರ ತಂಡ 2017ರಲ್ಲಿ ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನ ರೋಗಿಯ ಮೆದುಳಿನಿಂದಲೇ ತೆಗೆದ, ಟಾವ್ ಎಂಬ ಪ್ರೋಟೀನಿನ ಎಳೆಗಳ ರಚನೆಯನ್ನು ಬಿಡಿಸಿತು. 2020ರಲ್ಲಿ ಮಲ್ಟಿಪಲ್ ಸಿಸ್ಟಂ ಅಟ್ರೊಫಿ ಎಂಬ ರೋಗದ ಆಲ್ಫಾ ಸಿನ್ಯೂಕ್ಲಿನ್ ಎಳೆಗಳೂ, 2022ರಲ್ಲಿ ಪಾರ್ಕಿನ್ಸನ್ ಮತ್ತು ಲೂಯಿ ಕಣಗಳ ಮರೆವಿನ ರೋಗದ ಎಳೆಗಳೂ ಸೇರಿಕೊಂಡವು. ಒಂದೇ ಪ್ರೋಟೀನು, ಅದೇ ಅಮೈನೋ ಆಮ್ಲಗಳ ಸರಣಿ, ಆದರೆ ರೋಗ ಬೇರೆಯಾದರೆ ಮಡಿಕೆಯೂ ಬೇರೆ. ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಎರಡು ರಚನೆಗಳನ್ನು ಪಕ್ಕಪಕ್ಕದಲ್ಲಿ ತೆರೆದು, ತುದಿಯಿಂದ ನೋಡುವಂತೆ ತಿರುಗಿಸಿ ನಿಲ್ಲಿಸಿದಾಗ, ನಮ್ಮ ಗ್ರಂಥಾಲಯದ ಹಳೆಯ ಕಂಪ್ಯೂಟರಿನ ಮುಂದೆ ಮಾತು ಬೇಕಾಗಲಿಲ್ಲ.

ಈ ಎಳೆಗಳ ಒಳರಚನೆ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ಅಡಿಕೆ ಹಾಳೆಯ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ, ಚಪ್ಪಟೆಯಾಗಿ ಮಡಿಕೆಗೊಂಡ ಪ್ರೋಟೀನ್ ಸರಪಣಿಯೊಂದರ ಮೇಲೆ ಅದೇ ಆಕಾರದ ಇನ್ನೊಂದು ಸರಪಣಿ ಕೂರುತ್ತದೆ. ಪದರದಿಂದ ಪದರಕ್ಕೆ ಇರುವ ಅಂತರ ಸುಮಾರು 4.7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ). ಮೇಲಿನ ತುದಿಗೆ ಬಂದು ಸೇರುವ ಹೊಸ ಅಣುವು ಕೆಳಗಿನದರ ಆಕಾರವನ್ನೇ ತಾಳಬೇಕಾಗುವುದರಿಂದ, ಒಮ್ಮೆ ಎಳೆ ಆರಂಭವಾದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಒಂದು ಪ್ರೋಟೀನಿನ ಎಳೆ ಇನ್ನೊಂದಕ್ಕೆ ಬೀಜವಾಗಬಲ್ಲದು ಎಂಬ ಚಾಲ್ಮರ್ಸ್ ಅಧ್ಯಯನದ ಮಾತು ಹೇಗೆ ಸಾಧ್ಯವೆಂದು ಯೋಚಿಸಲು ಇಲ್ಲಿಂದ ಒಂದು ಮೆಟ್ಟಿಲು ಸಿಗುತ್ತದೆ. ಅಮೈಲಿನ್ ಎಳೆಯ ರಚನೆಗಳು 2020ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳಿಂದ ಪ್ರಕಟವಾದವು. ಅವುಗಳಲ್ಲಿ ಜರ್ಮನಿಯ ಯೂಲಿಚ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳದ್ದು 6 ವೈ 1 ಎ ಸಂಕೇತದಲ್ಲಿದೆ. ಅದರ ಎಸ್ ಆಕಾರದ ಮಡಿಕೆಯು ಆಲ್‌ಝೈಮರ್‌ನ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನಿನ ಎಳೆಯನ್ನು ಬಹಳವಾಗಿ ಹೋಲುತ್ತದೆ. ಸಕ್ಕರೆ ಕಾಯಿಲೆಯ ಮೇದೋಜೀರಕಕ್ಕೂ ಮರೆವಿನ ಕಾಯಿಲೆಯ ಮೆದುಳಿಗೂ ನಡುವೆ ಇಂಥದೊಂದು ಹೋಲಿಕೆಯನ್ನು ಹದಿನೇಳು ವರ್ಷದ ವಿದ್ಯಾರ್ಥಿಗಳು ತಮ್ಮ ಕಣ್ಣಾರೆ ನೋಡಬಹುದಾದ ಕಾಲದಲ್ಲಿ ನಾವಿದ್ದೇವೆ ಎಂಬುದು ನನಗೆ ಈಗಲೂ ಅಚ್ಚರಿಯನ್ನು ಉಂಟುಮಾಡುತ್ತದೆ.

ಡೇಟಾ ಬ್ಯಾಂಕಿನಲ್ಲಿ ಒಬ್ಬ ವಿಜ್ಞಾನಿಯ ಹೆಸರನ್ನು ಕೊಟ್ಟು ಅವರು ಸಲ್ಲಿಸಿದ ರಚನೆಗಳನ್ನೆಲ್ಲ ಒಟ್ಟಿಗೆ ನೋಡುವ ಅನುಕೂಲವೂ ಇದೆ, ಇದನ್ನು ಬಹಳ ಜನ ಬಳಸುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಎನ್‌ಎಂಆರ್ ಸಂಶೋಧನೆ ನಡೆಸಿದ ಅಯ್ಯಲುಸಾಮಿ ರಾಮಮೂರ್ತಿಯವರ ಹೆಸರಿನಲ್ಲಿ ಹುಡುಕಿದರೆ, 2011ರ ಎರಡು ರಚನೆಗಳು ಸಿಗುತ್ತವೆ. 2 ಎಲ್ 86 ಎಂಬುದು ಪೊರೆಯಂಥ ಪರಿಸರದಲ್ಲಿರುವ, ಅಮೈಡ್ ತುದಿಯುಳ್ಳ ಮನುಷ್ಯನ ಅಮೈಲಿನ್. ಇದರಲ್ಲಿ ಎರಡು ಸುರುಳಿಗಳ ನಡುವೆ ಒಂದು ಬಾಗು ಇದೆ. 2 ಎಲ್ ಎಫ್ ಎಂ ಎಂಬುದು ನೀರಿನಲ್ಲಿ ಅರೆಬರೆ ಮಡಿಕೆಗೊಂಡ, 40 ಅಮೈನೋ ಆಮ್ಲಗಳ ಅಮೈಲಾಯ್ಡ್ ಬೀಟಾ. ಇದರಲ್ಲಿ 13ರಿಂದ 23ರವರೆಗಿನ ಭಾಗ ಮಾತ್ರ ಬಿಗಿಯಾದ ಪುಟ್ಟ ಸುರುಳಿಯಾಗಿದೆ. ಎಳೆಗಟ್ಟುವ ಮುನ್ನ ಈ ಪ್ರೋಟೀನುಗಳು ಹೇಗಿರುತ್ತವೆ ಎಂಬ ಒಂದೇ ಪ್ರಶ್ನೆಯನ್ನು ಒಂದೇ ತಂಡ ಸಕ್ಕರೆ ಕಾಯಿಲೆಯ ಪ್ರೋಟೀನಿಗೂ ಮೆದುಳಿನ ಪ್ರೋಟೀನಿಗೂ ಕೇಳಿದ್ದನ್ನು ಹೀಗೆ ಅಕ್ಕಪಕ್ಕದಲ್ಲಿ ನೋಡಬಹುದು. ಆಲ್ಫಾಫೋಲ್ಡ್‌ನ ಅಮೈಲಿನ್ ಚಿತ್ರವನ್ನು ತೆರೆದ ಬಳಿಕ 2 ಎಲ್ 86 ಅನ್ನು ತೆರೆಯುವುದು, ಆಮೇಲೆ 6 ವೈ 1 ಎ ಅನ್ನು ತೆರೆಯುವುದು: ಈ ಮೂರರ ಅನುಕ್ರಮದಷ್ಟು ಸ್ಪಷ್ಟವಾಗಿ ವಿಷಯವನ್ನು ತಿಳಿಸಬಲ್ಲ ಪಾಠವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಅಮೈಲಾಯ್ಡ್ ಬೀಟಾವನ್ನು ಆಲ್ಫಾಫೋಲ್ಡ್‌ನಲ್ಲಿ ಹುಡುಕುವವರಿಗೆ 770 ಅಮೈನೋ ಆಮ್ಲಗಳ ಮೂಲ ಪ್ರೋಟೀನು ಎದುರಾಗುತ್ತದೆ. ಅದರಲ್ಲಿ 672ರಿಂದ 713ರವರೆಗಿನ ತುಂಡನ್ನು ಹುಡುಕಿಕೊಳ್ಳಬೇಕು. ಟಾವ್ ವಿಷಯದಲ್ಲಿ ಅಂಕಿಗಳ ತೊಡಕು ಇನ್ನೂ ಹೆಚ್ಚು. ಯೂನಿಪ್ರಾಟ್ ಪ್ರಧಾನವೆಂದು ಇಟ್ಟುಕೊಂಡಿರುವುದು 758 ಅಮೈನೋ ಆಮ್ಲಗಳ ರೂಪವನ್ನು, ಮೆದುಳಿನ ಸಂಶೋಧಕರು ಎಣಿಸುವುದು 441ರ ರೂಪವನ್ನು. ಆಲ್‌ಝೈಮರ್ ಎಳೆಯ ಒಡಲು 306ರಿಂದ 378 ಎಂದು ಓದಿದವರು 758ರ ಎಣಿಕೆಯಲ್ಲಿ 317 ಕೂಡಿಸಿ, 623ರಿಂದ 695 ಎಂದು ಹುಡುಕಬೇಕು. ಅಲ್ಲಿ ಸಿಗುವುದೂ ಬಹುಪಾಲು ಸಡಿಲ ದಾರವೇ.

ಇಷ್ಟೆಲ್ಲ ಹೇಳಿದ ಮೇಲೆ ಆಲ್ಫಾಫೋಲ್ಡ್‌ನ ಸಾಮರ್ಥ್ಯವನ್ನು ಕಡಿಮೆ ಮಾಡಿ ತೋರಿಸುವ ಉದ್ದೇಶ ನನಗಿಲ್ಲ. ಗಟ್ಟಿಯಾದ ಆಕಾರವಿರುವ ಪ್ರೋಟೀನುಗಳಲ್ಲಿ, ಉದಾಹರಣೆಗೆ ಇನ್ಸುಲಿನ್, ಅಮೈಲಾಯ್ಡ್ ಬೀಟಾ ಮತ್ತು ಅಮೈಲಿನ್ ಮೂರನ್ನೂ ಕತ್ತರಿಸಿ ಹಾಕುವ ಇನ್ಸುಲಿನ್ ವಿಘಟಕ ಕಿಣ್ವದಲ್ಲಿ, ಅದು ಕೊಡುವ ಚಿತ್ರ ಅತ್ಯಂತ ವಿಶ್ವಾಸಾರ್ಹವಾದುದು. ಈ ಕಿಣ್ವವೇ ಸಕ್ಕರೆ ಕಾಯಿಲೆಗೂ ಮರೆವಿನ ಕಾಯಿಲೆಗೂ ನಡುವಿನ ಮತ್ತೊಂದು ಸೇತುವೆಯೆಂದು ಸಂಶೋಧಕರು ಅಧ್ಯಯನ ಮಾಡುತ್ತಿದ್ದಾರೆ: ರಕ್ತದಲ್ಲಿ ಇನ್ಸುಲಿನ್ ಸದಾ ಹೆಚ್ಚಿದ್ದರೆ, ಕಿಣ್ವ ಅದನ್ನು ಕತ್ತರಿಸುವುದರಲ್ಲೇ ತೊಡಗಿ ಅಮೈಲಾಯ್ಡ್ ಬೀಟಾದ ವಿಲೇವಾರಿ ಹಿಂದೆ ಬೀಳಬಹುದು ಎಂಬುದು ಅವರ ತರ್ಕ. ಇಂಥ ಕಿಣ್ವದ ಒಳಗಿನ ದೊಡ್ಡ ಪೊಳ್ಳನ್ನು ಮಕ್ಕಳು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವಾಗ, ಉದ್ದನೆಯ ಪ್ರೋಟೀನುಗಳು ಅಲ್ಲಿ ಏಕೆ ಹಿಡಿಸವು, ಪುಟ್ಟವು ಏಕೆ ಹಿಡಿಸುತ್ತವೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಇನ್ಸುಲಿನ್ ಬಗ್ಗೆ ಡೇಟಾ ಬ್ಯಾಂಕಿನಲ್ಲಿ ಇರುವ ಸಂಪತ್ತನ್ನು ಪ್ರತ್ಯೇಕವಾಗಿ ಹೇಳಬೇಕು. ಫ್ರೆಡರಿಕ್ ಸ್ಯಾಂಗರ್ 1955ರ ಹೊತ್ತಿಗೆ ಅದರ 51 ಅಮೈನೋ ಆಮ್ಲಗಳ ಸರಣಿಯನ್ನು ಬಿಡಿಸಿ 1958ರಲ್ಲಿ ನೊಬೆಲ್ ಪಡೆದರು. ಡೊರೊಥಿ ಹಾಡ್ಜ್‌ಕಿನ್ ಅವರ ಆಕ್ಸ್‌ಫರ್ಡ್ ತಂಡ 1969ರಲ್ಲಿ ಅದರ ರಚನೆಯನ್ನು ಕಂಡುಕೊಂಡಿತು. ಆ ತಂಡದಲ್ಲಿ ದುಡಿದ ಕೇರಳದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಸ್ಫಟಿಕಶಾಸ್ತ್ರವನ್ನು ಬೆಳೆಸಿದರು. ಭಂಡಾರದ ರಚನೆಗಳ ಗುಣಮಟ್ಟದ ವರದಿಯಲ್ಲಿ ಇನ್ನೊಬ್ಬ ಕೇರಳೀಯರ ಹೆಸರು ಕಣ್ಣಿಗೆ ಬೀಳುತ್ತದೆ: ಎರ್ನಾಕುಲಂನಲ್ಲಿ ಹುಟ್ಟಿ, ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ 1963ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ, ಪ್ರೋಟೀನ್ ಸರಪಣಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು ತೋರಿಸುವ ರಾಮಚಂದ್ರನ್ ನಕ್ಷೆಯನ್ನು ಪ್ರಕಟಿಸಿದ ಜಿ.ಎನ್. ರಾಮಚಂದ್ರನ್. ಜಗತ್ತಿನ ಯಾವ ಮೂಲೆಯಿಂದ ಪ್ರೋಟೀನ್ ರಚನೆಯೊಂದು ಬಂದರೂ ಅದನ್ನು ಈ ನಕ್ಷೆಯ ಮೇಲಿಟ್ಟು ಪರೀಕ್ಷಿಸಲಾಗುತ್ತದೆ ಎಂದು ಹೇಳಿದಾಗ, ಮಂಜೇಶ್ವರ, ಬದಿಯಡ್ಕಗಳ ಮಕ್ಕಳ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನಾನು ಈ ಸೇವೆಯ ಗುಣಗಳ ಪಟ್ಟಿಗೇ ಸೇರಿಸುತ್ತೇನೆ.

ಬಳಕೆಯ ಅನುಕೂಲಗಳ ವಿಷಯಕ್ಕೆ ಬರೋಣ. ಎರಡೂ ಸೇವೆಗಳು ಮೋಲ್‌ಸ್ಟಾರ್ ಎಂಬ ಒಂದೇ ಬಗೆಯ ಚಿತ್ರದರ್ಶಕವನ್ನು ಬಳಸುವುದರಿಂದ, ಒಂದನ್ನು ಕಲಿತರೆ ಇನ್ನೊಂದೂ ಬಂದಂತೆಯೇ. ಸಾಮಾನ್ಯ ಮೊಬೈಲಿನಲ್ಲಿ ಇನ್ಸುಲಿನ್, ಅಮೈಲಿನ್‌ಗಳಂಥ ಪುಟ್ಟ ರಚನೆಗಳು ಸಲೀಸಾಗಿ ತೆರೆಯುತ್ತವೆ. ಹಲವು ಪದರಗಳ ಎಳೆಗಳಿಗೆ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಗುಡ್ಡದ ಮರೆಯ ಊರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಜಾಲದ ಸಂಪರ್ಕವನ್ನು ನಂಬಿ ಪಾಠ ಆರಂಭಿಸುವುದಕ್ಕಿಂತ, ಬೇಕಾದ ರಚನೆಗಳ ಕಡತಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳುವುದು ಮೇಲು. ಎರಡೂ ಕಡೆ ಇದಕ್ಕೆ ಅವಕಾಶವಿದೆ. ವಿಶ್ವಾಸದ ಬಣ್ಣಗಳು ಕಪ್ಪುಬಿಳುಪು ಮುದ್ರಣದಲ್ಲಿ ಒಂದೇ ಬೂದು ಬಣ್ಣವಾಗಿಬಿಡುವುದರಿಂದ, ಕಾಗದದಲ್ಲಿ ಹಂಚುವವರು ಸಡಿಲ ಭಾಗಗಳ ಸುತ್ತ ಕೈಯಿಂದಲೇ ಗೆರೆ ಎಳೆಯುವುದು ಅಗತ್ಯ.

ಎರಡರಲ್ಲೂ ಕನ್ನಡದ ಪುಟಗಳಿಲ್ಲ. ಡೇಟಾ ಬ್ಯಾಂಕಿನ ಶಿಕ್ಷಣ ವಿಭಾಗವಾದ ಪಿಡಿಬಿ-101ರಲ್ಲಿ ಡೇವಿಡ್ ಗುಡ್‌ಸೆಲ್ ಅವರು 2000ದಲ್ಲಿ ಆರಂಭಿಸಿ, ಹಲವು ವರ್ಷಗಳ ಕಾಲ ಪ್ರತಿ ತಿಂಗಳೂ ಒಂದೊಂದು ಅಣುವನ್ನು ಪರಿಚಯಿಸಿದ ಲೇಖನಮಾಲೆಯಿದೆ. ಇನ್ಸುಲಿನ್ ಕುರಿತೂ ಆಲ್‌ಝೈಮರ್‌ನ ಮೂಲ ಪ್ರೋಟೀನಿನ ಕುರಿತೂ ಅದರಲ್ಲಿ ಬರಹಗಳಿವೆ. ಸರಳ ಇಂಗ್ಲಿಷಿನಲ್ಲಿರುವ ಅವನ್ನು ಪ್ಲಸ್ ಟು ವಿದ್ಯಾರ್ಥಿಗಳು ನಿಘಂಟಿನ ನೆರವಿನಿಂದ ಓದಬಲ್ಲರು. ಅಮೈಲಾಯ್ಡ್ ಎಳೆಗಳನ್ನಷ್ಟೇ ಒಟ್ಟುಗೂಡಿಸಿ ನೋಡಬಯಸುವವರಿಗೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸವಾಯ ಅವರು ಸಿದ್ಧಪಡಿಸಿರುವ ಅಮೈಲಾಯ್ಡ್ ಅಟ್ಲಾಸ್ ಬಹಳ ಉಪಕಾರಿ. ಡೇಟಾ ಬ್ಯಾಂಕಿನ ಸಾಗರದಲ್ಲಿ ಹುಡುಕುವ ಶ್ರಮವನ್ನು ಅದು ತಪ್ಪಿಸುತ್ತದೆ.

ಒಂದು ಎಚ್ಚರಿಕೆಯನ್ನು ರೋಗಿಗಳ ಮನೆಯವರಿಗೆ ಹೇಳಲೇಬೇಕು. ಈ ಸೇವೆಗಳಿಂದ ಯಾರ ರೋಗವನ್ನೂ ಗುರುತಿಸಲಾಗದು, ಯಾವ ಔಷಧವನ್ನೂ ಆರಿಸಲಾಗದು. ವೈದ್ಯರ ಸಲಹೆಗೆ ಇದು ಬದಲಿಯಲ್ಲವೆಂದು ಆಲ್ಫಾಫೋಲ್ಡ್ ತಾನೇ ಬರೆದುಕೊಂಡಿದೆ. ಇದನ್ನೆಲ್ಲ ಓದಿದವರು ದಿನನಿತ್ಯಕ್ಕೆ ಬಳಸಿಕೊಳ್ಳಬಹುದಾದ ಒಂದು ವಿಷಯವಿದ್ದರೆ ಅದು ಇನ್ಸುಲಿನ್‌ಗೆ ಸಂಬಂಧಿಸಿದ್ದು. ಚುಚ್ಚುಮದ್ದಿನ ಇನ್ಸುಲಿನ್ ಕೂಡ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚುಚ್ಚಿದರೆ ಚರ್ಮದಡಿಯಲ್ಲಿ ಅಮೈಲಾಯ್ಡ್ ಗಂಟಾಗಬಲ್ಲದು; ಅಂಥ ಗಂಟಿಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರದೆ ಸಕ್ಕರೆ ಹತೋಟಿ ತಪ್ಪುತ್ತದೆ. ಜಾಗ ಬದಲಿಸುತ್ತ ಚುಚ್ಚಿಕೊಳ್ಳಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಕಾರಣವೂ ಇದೆ.

ಐದರಲ್ಲಿ ಅಂಕ ಕೊಡಬೇಕಾದರೆ, ಈ ರೋಗಗಳ ಪ್ರೋಟೀನುಗಳ ಮಟ್ಟಿಗೆ ಪ್ರೋಟೀನ್ ಡೇಟಾ ಬ್ಯಾಂಕಿಗೆ ನಾಲ್ಕೂವರೆ, ಆಲ್ಫಾಫೋಲ್ಡ್‌ಗೆ ಮೂರು ಕೊಡುತ್ತೇನೆ. ಗಟ್ಟಿ ಆಕಾರದ ಪ್ರೋಟೀನುಗಳನ್ನಷ್ಟೇ ನೋಡುವವರು ಆಲ್ಫಾಫೋಲ್ಡ್‌ಗೆ ಯಾವ ಅಳುಕೂ ಇಲ್ಲದೆ ಐದು ಕೊಡಬಹುದು. ಆಲ್ಫಾಫೋಲ್ಡ್ ಪುಟದಲ್ಲಿ ಪ್ರಯೋಗದಿಂದ ತಿಳಿದ ರಚನೆಗಳಿಗೆ ಕೊಂಡಿ ಇದ್ದೇ ಇದೆ. ಅವುಗಳಲ್ಲಿ ಯಾವುದು ಒಂಟಿ ಅಣು, ಯಾವುದು ರೋಗದ ಎಳೆ ಎಂದು ಅಲ್ಲೇ ವಿಂಗಡಿಸಿ, ಕತ್ತರಿಸಿದ ಬಳಿಕ ಉಳಿಯುವ ತುಂಡನ್ನು ಬೇರೆ ಬಣ್ಣದಲ್ಲಿ ತೋರಿಸಿದರೆ ನನ್ನ ಅಂಕ ತಕ್ಷಣವೇ ಏರುತ್ತದೆ.

ಆಲ್ಫಾಫೋಲ್ಡ್‌ನ ಚಿತ್ರಗಳನ್ನು ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಬಳಸಬಹುದು, ಡೇಟಾ ಬ್ಯಾಂಕಿನ ದತ್ತಾಂಶಕ್ಕೆ ಆ ಷರತ್ತೂ ಇಲ್ಲ. ಹೀಗಾಗಿ ಇವುಗಳಿಗೆ ಕನ್ನಡದ ವಿವರಣೆ ಸೇರಿಸಿ ಗಡಿನಾಡಿನ ಶಾಲೆಗಳಿಗೆ ಹಂಚಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಗ್ರಂಥಾಲಯದ ಮಕ್ಕಳು ಇನ್ಸುಲಿನ್ ಚಿತ್ರಕ್ಕೆ ಕನ್ನಡದ ಅಡಿಬರಹಗಳನ್ನು ಬರೆದು ಮುಗಿಸಿದ್ದಾರೆ. ಮುಂದಿನದು ಅಮೈಲಿನ್, ಅದರಲ್ಲಿ 34ರಿಂದ 70ರವರೆಗಿನ ಭಾಗಕ್ಕೆ ಬಣ್ಣ ಹಾಕುವ ಕೆಲಸ ಈಗ ನಡೆಯುತ್ತಿದೆ.